ಆಟಿಯ ತಗಚೆ: ಒಂದು ಕಾಡುಸೊಪ್ಪಿನ ಹೆಸರು, ಹಸಿವು ಮತ್ತು ಔಷಧ

ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ಪಶ್ಚಿಮ ಕರಾವಳಿಯ ರಸ್ತೆಗಳ ಇಕ್ಕೆಲಗಳಲ್ಲಿ, ಪಾಳುಬಿದ್ದ ಹಿತ್ತಿಲುಗಳಲ್ಲಿ, ಗದ್ದೆಯ ಬದುಗಳಲ್ಲಿ ಗುಂಪುಗುಂಪಾಗಿ ತಲೆಯೆತ್ತುವ ಗಿಡವೊಂದುಂಟು. ಕನ್ನಡದಲ್ಲಿ ಅದಕ್ಕೆ ತಗಚೆ, ತಗಟೆ, ಚಗತೆ ಎಂಬ ರೂಪಗಳಿವೆ. ತುಳುವರು ತಜಂಕ್ ಅಥವಾ ತೊಜಂಕ್ ಎನ್ನುತ್ತಾರೆ. ಕೊಂಕಣಿಗರಿಗೆ ಅದು ತಾಯ್ಕಿಳೊ. ಸಸ್ಯಶಾಸ್ತ್ರಜ್ಞರು ಸೆನ್ನಾ ತೋರಾ ಎಂದು ಕರೆಯುವ ಈ ಗಿಡವನ್ನು ಯಾರೂ ಬಿತ್ತುವುದಿಲ್ಲ, ಯಾರೂ ನೀರೆರೆಯುವುದಿಲ್ಲ. ದನಗಳೂ ಸಾಮಾನ್ಯವಾಗಿ ಮೂಸಿ ಬಿಟ್ಟುಬಿಡುತ್ತವೆ. ಆದರೂ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕರ್ಕಾಟಕ ಮಾಸದಲ್ಲಿ, ಅದರ ಎಳೆಯ ಚಿಗುರನ್ನು ಒಮ್ಮೆಯಾದರೂ ತಿನ್ನಲೇಬೇಕು, ಅದು ಆ ಕಾಲದ ಮದ್ದು ಎಂಬ ನಂಬಿಕೆ ತುಳುನಾಡಿನಲ್ಲಿ ಇಂದಿಗೂ ಗಟ್ಟಿಯಾಗಿದೆ.

ಈ ನಂಬಿಕೆ ಎಲ್ಲಿಂದ ಬಂದಿತು? ವೈದ್ಯಶಾಸ್ತ್ರದಿಂದ ಜನಪದಕ್ಕೆ ಇಳಿದುಬಂದಿತೆಂಬುದು ಸುಲಭವಾಗಿ ಸಿಗುವ ಉತ್ತರ. ಜನಪ್ರಿಯ ಲೇಖನಗಳಲ್ಲಿ ಸಾಮಾನ್ಯವಾಗಿ ಕಾಣುವುದೂ ಇದೇ. ಗ್ರಂಥಗಳನ್ನೂ ತಿಂಗಳನ್ನೂ ಎದುರುಬದುರಾಗಿಟ್ಟು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ಶಾಸ್ತ್ರಕ್ಕೆ ಗಿಡ ಗೊತ್ತು, ಅದರ ಬೀಜ ಗೊತ್ತು, ಎಲೆಯೂ ಗೊತ್ತು. ತಿಂಗಳು ಮಾತ್ರ ಗೊತ್ತಿಲ್ಲ. ತಿಂಗಳನ್ನು ಕೊಟ್ಟದ್ದು ಬರಿದಾದ ಕಣಜ ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲು ಹೆಸರಿನ ವಿಚಾರ. ಅಮರಸಿಂಹನು ವನೌಷಧಿವರ್ಗದಲ್ಲಿ ಈ ಗಿಡಕ್ಕೆ ಕೊಡುವ ಪರ್ಯಾಯಗಳಲ್ಲಿ ಚಕ್ರಮರ್ದಕ, ದದ್ರುಘ್ನ, ಏಡಗಜ, ಉರಣಾಖ್ಯ, ಪ್ರಪುನ್ನಾಡ ಎಂಬವು ಸೇರಿವೆ. ಇವುಗಳಲ್ಲಿ ಮೊದಲಿನ ಎರಡು ಪಾರದರ್ಶಕ: ಚರ್ಮದ ಮೇಲೆ ಚಕ್ರಾಕಾರವಾಗಿ ಹಬ್ಬುವ ಹುಳುಕಡ್ಡಿಯನ್ನು ಅಳಿಸುವಂಥದು. ಕುತೂಹಲ ಹುಟ್ಟಿಸುವುದು ಏಡಗಜ ಮತ್ತು ಉರಣಾಖ್ಯ. ಉರಣವೆಂದರೆ ಟಗರು, ಏಡವೆಂದರೂ ಅದೇ ಪ್ರಾಣಿ. ಮುಂದಿನ ನಿಘಂಟುಗಳು ಮೇಷಲೋಚನ ಎಂದೂ ಸೇರಿಸುತ್ತವೆ. ಟಗರಿಗೂ ಈ ಗಿಡಕ್ಕೂ ಏನು ನಂಟು? ಟಗರಿನ ಕಣ್ಣಿನಂತೆ ಇದೆಯೆಂಬ ಸಮಾಧಾನ ಮೇಷಲೋಚನ ಎಂಬ ಪದದಲ್ಲೇ ಅಡಗಿದೆ. ಆದರೆ ‘ಉರಣಾಖ್ಯ’ ಎಂದರೆ ಟಗರಿನ ಹಾಗೆ ಇರುವುದು ಎಂದಲ್ಲ, ಟಗರಿನ ಹೆಸರುಳ್ಳದ್ದು ಎಂದು. ಯಾವ ಭಾಷೆಯಲ್ಲಿ ಆ ಹೆಸರು?

ಇಲ್ಲಿ ದ್ರಾವಿಡ ರೂಪಗಳನ್ನು ನೋಡಬೇಕು. ಗಿಡಕ್ಕೆ ತಮಿಳಿನಲ್ಲಿ ತಗರೈ, ಮಲಯಾಳದಲ್ಲಿ ತಗರ, ತೆಲುಗಿನಲ್ಲಿ ತಗಿರಿಸ, ಕನ್ನಡದಲ್ಲಿ ತಗಚೆ. ಗಂಡು ಕುರಿಗೆ ತಮಿಳಿನಲ್ಲಿ ತಗರ್, ಹಳಗನ್ನಡದಲ್ಲಿಯೂ ತಗರ್. ಇಂದಿನ ಟಗರು ಅದರ ಮುಂದಿನ ರೂಪ. ದಕ್ಷಿಣದ ಯಾವುದೋ ಭಾಷೆಯಲ್ಲಿ ಗಿಡದ ಹೆಸರೂ ಪ್ರಾಣಿಯ ಹೆಸರೂ ಒಂದೇ ಬಗೆಯಾಗಿ ಕೇಳಿಸಿ, ಅದನ್ನು ಸಂಸ್ಕೃತಕ್ಕೆ ಒಯ್ದವರು ಹೆಸರನ್ನೇ ಭಾಷಾಂತರಿಸಿದ್ದಾರೆ ಎಂದು ಊಹಿಸಲು ಅವಕಾಶವಿದೆ. ಉರಣ, ಏಡ, ಮೇಷ ಎಂದು ಟಗರಿನ ಪರ್ಯಾಯಗಳು ಒಂದಾದ ಮೇಲೊಂದು ಬರುವುದೂ ಈ ಊಹೆಗೆ ಪೋಷಕ. ರೂಪಸಾಮ್ಯದಿಂದ ಹುಟ್ಟಿದ ಹೆಸರು ಸಾಮಾನ್ಯವಾಗಿ ಒಂದು ಪದಕ್ಕೆ ಅಂಟಿಕೊಳ್ಳುತ್ತದೆ. ಭಾಷಾಂತರದಿಂದ ಹುಟ್ಟಿದ್ದಕ್ಕೆ ಯಾವ ಪರ್ಯಾಯವಾದರೂ ಸಲ್ಲುತ್ತದೆ. ಹಾಗಿದ್ದರೆ ಗಿಡದ ಬಳಕೆಯ ತಿಳಿವಳಿಕೆಯಲ್ಲಿ ಒಂದು ಪಾಲಾದರೂ ಊರಿನಿಂದ ಶಾಸ್ತ್ರಕ್ಕೆ ಹೋದದ್ದು, ಶಾಸ್ತ್ರದಿಂದ ಊರಿಗೆ ಬಂದದ್ದಲ್ಲ. ಪ್ರಪುನ್ನಾಡ ಎಂಬುದರ ಕಥೆ ಬೇರೆ. ಹಿಂದಿ ಪ್ರದೇಶದ ಪಂವಾಡ ಎಂಬ ಹೆಸರು ಅದರ ಸವೆದ ರೂಪ. ಇದರ ಮೊಟಕು ರೂಪವಾದ ಪುನ್ನಾಟ ಎಂಬುದನ್ನು ಹಿಡಿದು ಕಾವೇರಿ ಕಪಿಲೆಗಳ ಸೀಮೆಯ ಪುನ್ನಾಟ ರಾಜ್ಯದವರೆಗೆ, ಕ್ರಿ.ಶ. 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನನ ಪುನ್ನಾಟ ಸಂಘದವರೆಗೆ ಹೋಗಬೇಕೆಂಬ ಆಸೆ ಯಾರಿಗಾದರೂ ಆದೀತು. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಅಷ್ಟು ದೂರ ನಡೆಯುವ ಧೈರ್ಯ ನನಗಿಲ್ಲ.

ಇನ್ನೊಂದು ತೊಡಕನ್ನೂ ಇಲ್ಲಿಯೇ ಹೇಳಿಬಿಡಬೇಕು. ಸಂಸ್ಕೃತದಲ್ಲಿ ತಗರವೆಂಬುದು ಸುಗಂಧದ ಬೇರೊಂದು ಮೂಲಿಕೆ. ಸುಮಾರು 1025ರಲ್ಲಿ ಚಾವುಂಡರಾಯನು ಬರೆದ ಲೋಕೋಪಕಾರದಂಥ ಗ್ರಂಥದ ಗಂಧಯುಕ್ತಿಯ ಭಾಗವನ್ನು ಓದುವವರು ತಗರವನ್ನು ಸುಗಂಧದ ಬೇರೆಂದೇ ತಿಳಿಯಬೇಕು. ಆದರೆ ಕೇರಳಕ್ಕೆ ಹೊಂದಿದ ಕರಾವಳಿಯ ವೈದ್ಯಪ್ರತಿಗಳಲ್ಲಿ ಹುಳುಕಡ್ಡಿ, ತುರಿಗಳ ಸಂದರ್ಭದಲ್ಲಿ ತಗರವೆಂದು ಬಂದರೆ ಅದು ನಮ್ಮ ತಗಚೆಯೇ ಆಗಿರುವ ಸಂಭವ ಹೆಚ್ಚು. ಅಕ್ಷರ ಒಂದೇ, ಗಿಡ ಎರಡು. ರೋಗವನ್ನು ನೋಡಿ ಗಿಡವನ್ನು ನಿರ್ಧರಿಸದೆ ಅನ್ಯಮಾರ್ಗವಿಲ್ಲ.

ಶಾಸ್ತ್ರದಲ್ಲಿ ಈ ಗಿಡದ ಸ್ಥಾನವೇನು? ಚರಕಸಂಹಿತೆಯ ಸೂತ್ರಸ್ಥಾನದ ಮೂರನೆಯ ಅಧ್ಯಾಯ ಹೊರಲೇಪಗಳಿಗೆ ಮೀಸಲಾದದ್ದು. ಅದರ ಮೊದಲ ಯೋಗದಲ್ಲೇ ಕಕ್ಕೆ, ಹೊಂಗೆಗಳ ಜತೆಗೆ ಏಡಗಜ ಕಾಣಿಸಿಕೊಳ್ಳುತ್ತದೆ. ಕುಷ್ಠ, ದದ್ರು, ಕಂಡು ಎಂಬ ಚರ್ಮರೋಗಗಳ ಸಾಲಿನಲ್ಲಿ ಅದರ ಹೆಸರು ಶತಮಾನಗಳುದ್ದಕ್ಕೂ ಮರಳಿ ಬರುತ್ತದೆ. ಇದರಲ್ಲಿ ಸತ್ಯಾಂಶವಿದೆಯೆಂಬುದನ್ನು ಆಧುನಿಕ ರಸಾಯನಶಾಸ್ತ್ರವೂ ಒಪ್ಪುತ್ತದೆ: ಈ ಗಿಡದಲ್ಲಿರುವ ಕ್ರೈಸೊಫೆನಾಲ್, ಎಮೋಡಿನ್ ಮುಂತಾದ ದ್ರವ್ಯಗಳಿಗೆ ಬೂಷ್ಟನ್ನು ತಡೆಯುವ ಗುಣವಿದೆ, ಹೊಟ್ಟೆಯನ್ನು ಸಡಿಲಿಸುವ ಗುಣವೂ ಇದೆ. 16ನೆಯ ಶತಮಾನದ ಭಾವಪ್ರಕಾಶವು ಗಿಡವನ್ನು ಔಷಧವರ್ಗದಲ್ಲಿ ಹೇಳಿ, ಎಲೆಯನ್ನು ಶಾಕವರ್ಗದಲ್ಲಿಯೂ ಎಣಿಸುತ್ತದೆ. ಲಘು, ಕೃಮಿಹರ, ಕಫವಾತಹರ ಎಂಬ ಗುಣಗಳನ್ನು ಅಲ್ಲಿ ಪಟ್ಟಿಮಾಡಿದೆ. ಯಾವ ಋತುವಿನಲ್ಲಿ ತಿನ್ನಬೇಕು ಎಂಬುದು ಮಾತ್ರ ಆ ಪಟ್ಟಿಯಲ್ಲಿಲ್ಲ.

ಋತುಚರ್ಯೆಯ ಅಧ್ಯಾಯಗಳಿಗೆ ಬರೋಣ. ಚರಕದ ಸೂತ್ರಸ್ಥಾನದ ಆರನೆಯ ಅಧ್ಯಾಯ ವರ್ಷಾಕಾಲದ ಆಹಾರವನ್ನು ವಿವರವಾಗಿ ಹೇಳುತ್ತದೆ. ಮಳೆಗಾಲದಲ್ಲಿ ಜಠರಾಗ್ನಿ ಕುಂದಿರುತ್ತದೆ. ಆದ್ದರಿಂದ ಹಳೆಯ ಜವೆ, ಹಳೆಯ ಗೋಧಿ, ಹಳೆಯ ಅಕ್ಕಿಯನ್ನು ಉಣ್ಣಬೇಕು. ಜಾಂಗಲ ಪ್ರಾಣಿಗಳ ಮಾಂಸರಸ, ಹದವಾಗಿ ಒಗ್ಗರಿಸಿದ ಕಟ್ಟು, ಜೇನು ಬೆರೆಸಿದ ಪಾನೀಯ, ಕಾಯಿಸಿದ ನೀರು ಸೇವಿಸಬೇಕು. ಬೇಲಿಯ ಬದಿಯ ಸೊಪ್ಪಿಗೆ ಅಲ್ಲಿ ಎಡೆಯಿಲ್ಲ. ಹಳೆಯ ಧಾನ್ಯ ಎಂಬ ಮಾತನ್ನು ಓದುಗರು ಗಮನಿಸಬೇಕು. ಒಂದು ವರ್ಷ ಕಳೆದ ಅಕ್ಕಿ ಜೀರ್ಣಕ್ಕೆ ಹಗುರವೆಂಬುದು ನಿಜ. ಆದರೆ ಮಳೆಗಾಲದ ನಡುವೆ ಹಳೆಯ ಅಕ್ಕಿ ಮನೆಯಲ್ಲಿ ಇರಬೇಕಾದರೆ ಆ ಮನೆಗೆ ಸ್ವಂತ ಭೂಮಿಯಿರಬೇಕು, ತುಂಬಿದ ಕಣಜವಿರಬೇಕು. ಶಾಸ್ತ್ರಕಾರನು ಕಣ್ಮುಂದೆ ಇಟ್ಟುಕೊಂಡಿದ್ದ ರೋಗಿ ಯಾರು ಎಂಬುದು ಈ ಒಂದೇ ವಿಶೇಷಣದಿಂದ ಗೊತ್ತಾಗುತ್ತದೆ.

ಕನ್ನಡದ ವೈದ್ಯವಾಙ್ಮಯ ಈ ವಿಷಯದಲ್ಲಿ ಇನ್ನಷ್ಟು ಸಮೀಪಕ್ಕೆ ಬಂದೀತೆಂದು ನಿರೀಕ್ಷಿಸುವುದು ಸಹಜ. 12ನೆಯ ಶತಮಾನದ ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ, ಸುಮಾರು 1500ರ ಶ್ರೀಧರದೇವನ ವೈದ್ಯಾಮೃತ, ಸಾಳ್ವನ ವೈದ್ಯಸಾಂಗತ್ಯ ಎಂದು ಈ ಪರಂಪರೆ ಸಾಗುತ್ತದೆ. ದೇಸಿ ಹೆಸರುಗಳನ್ನು ಸಂಸ್ಕೃತ ಹೆಸರುಗಳ ಪಕ್ಕದಲ್ಲಿ ನಿಲ್ಲಿಸಿದ್ದು ಇವುಗಳ ದೊಡ್ಡ ಉಪಕಾರ. ಆದರೆ ಇವು ರೋಗವನ್ನು ಅನುಸರಿಸಿ ರಚಿತವಾದ ಕೃತಿಗಳು. ವಿಷ, ಜ್ವರ, ಗ್ರಹಪೀಡೆ ಎಂದು ಅಧ್ಯಾಯಗಳು ಸಾಗುತ್ತವೆಯೇ ಹೊರತು ಹಸಿವು ಎಂಬ ರೋಗಕ್ಕೆ ಅಧಿಕಾರವಿಲ್ಲ. ಪಾಕಶಾಸ್ತ್ರದ ಕಡೆ ತಿರುಗಿದರೆ, ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ವಾರ್ಧಕ ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರ ಬದನೆ, ಬಾಳೆ, ಹಲಸುಗಳ ವೈಭವವನ್ನು ಹೇಳುವ ಅರಮನೆಯ ಅಡುಗೆಮನೆಯ ಗ್ರಂಥ. ತಗಚೆಗೆ ಅದರಲ್ಲಿ ಒಂದು ಅಧ್ಯಾಯವನ್ನು ಬಯಸುವುದು ಅನ್ಯಾಯವಾದೀತು. ರಾಗಿಗೆ ಕನಕದಾಸರು ಸಿಕ್ಕರು. ತಗಚೆಗೆ ಅಂಥ ವಕೀಲರು ಯಾರೂ ಸಿಗಲಿಲ್ಲ.

ಹಾಗಾದರೆ ಆಟಿ ತಿಂಗಳಿಗೂ ತಗಚೆಗೂ ಗಂಟುಹಾಕಿದವರು ಯಾರು? ಕರಾವಳಿಯ ಕೃಷಿವರ್ಷವನ್ನು ನೆನೆದರೆ ಉತ್ತರ ದೊರೆಯುತ್ತದೆ. ಏಣಿಲು ಬೆಳೆಯ ನಾಟಿ ಮುಗಿದಿರುತ್ತದೆ. ಹೊಸ ಭತ್ತಕ್ಕೆ ಇನ್ನೂ ಎರಡು ತಿಂಗಳು ಬೇಕು. ಗದ್ದೆಯಲ್ಲಿ ಕೂಲಿಯಿಲ್ಲ. ಕಡಲು ಕೆರಳಿರುವುದರಿಂದ ಮೀನುಗಾರಿಕೆಯಿಲ್ಲ. ತರಕಾರಿಯ ಬಳ್ಳಿಗಳು ಮಳೆಗೆ ಕೊಳೆತಿರುತ್ತವೆ. ಗೇಣಿದಾರನ ಮನೆಯಲ್ಲಿ ಗೇಣಿ ಸಂದಾಯವಾದ ಮೇಲೆ ಉಳಿದ ಅಕ್ಕಿ ಆಟಿಯ ಹೊತ್ತಿಗೆ ತಳ ಕಂಡಿರುತ್ತದೆ. ಬೇಸಗೆಯಲ್ಲಿ ಕೂಡಿಟ್ಟ ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನು, ಕೆಸುವಿನ ಎಲೆ, ಕಳಲೆ, ತಗಚೆ ಇವು ಆಗ ಉಳಿಯುವ ಆಧಾರ. ಶುಭಕಾರ್ಯಗಳಿಗೆ ಆಟಿ ವರ್ಜ್ಯ; ಹೊಸದಾಗಿ ಮದುವೆಯಾದ ಮಗಳು ತವರಿಗೆ ಬರುತ್ತಾಳೆ; ಮಾರಿಯನ್ನು ಕಳೆಯಲು ಆಟಿಕಳೆಂಜ ಮನೆಮನೆಗೆ ಬರುತ್ತಾನೆ. ಇದು ರೋಗದ ತಿಂಗಳು ಹೇಗೋ ಹಾಗೆ ಕೊರತೆಯ ತಿಂಗಳು. ತಗಚೆ ಪಲ್ಯಕ್ಕೆ ಹಲಸಿನ ಬೀಜವನ್ನು ಸೇರಿಸುವ ರೂಢಿ ತುಳುನಾಡಿನಿಂದ ಗೋವೆಯವರೆಗೆ ಹಬ್ಬಿರುವುದಕ್ಕೆ ರುಚಿಯಷ್ಟೇ ಕಾರಣವಲ್ಲ. ಆ ತಿಂಗಳಲ್ಲಿ ಮನೆಯೊಳಗೆ ಉಳಿದದ್ದು ಬೀಜ, ಮನೆಯ ಹೊರಗೆ ಬೆಳೆದದ್ದು ಸೊಪ್ಪು.

ಗಿಡದ ಸ್ವಭಾವವೂ ಈ ಲೆಕ್ಕಕ್ಕೆ ಒಪ್ಪುತ್ತದೆ. ಜೂನ್‌ನಲ್ಲಿ ಮೊಳೆತ ತಗಚೆಯ ಎಲೆ ಜುಲೈ ಆಗಸ್ಟ್‌ವರೆಗೆ ಮಾತ್ರ ಮೃದು. ಹೂವಾದೊಡನೆ ಎಲೆ ಒರಟಾಗಿ ಅದರ ನಾತ ಹೆಚ್ಚುತ್ತದೆ. ಅಂದರೆ ‘ಆಟಿಯಲ್ಲೇ ತಿನ್ನಬೇಕು’ ಎಂಬ ವಿಧಿಯಲ್ಲಿ ಅರ್ಧ ಭಾಗ ಗಿಡವೇ ಮಾಡಿದ ವಿಧಿ.

ಇದೇ ತಿಂಗಳಲ್ಲಿ, ಇದೇ ಊರಿನಲ್ಲಿ, ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ವಿಧಿ ನಡೆಯುತ್ತಿದ್ದುದನ್ನು ಸಂಶೋಧಕರು ಸಾಕಷ್ಟು ಗಮನಿಸಿದಂತಿಲ್ಲ. ಚಾತುರ್ಮಾಸ್ಯದ ಮೊದಲ ತಿಂಗಳು ಮಾಧ್ವ ಸಂಪ್ರದಾಯದಲ್ಲಿ ಶಾಕವ್ರತ. ಆಷಾಢ ಶುಕ್ಲಪಕ್ಷದ ದ್ವಾದಶಿಯಿಂದ ಶ್ರಾವಣ ಶುಕ್ಲಪಕ್ಷದ ದಶಮಿಯವರೆಗೆ ಸೊಪ್ಪು ತರಕಾರಿಗಳು ವರ್ಜ್ಯ. ಅನಂತರ ದಧಿವ್ರತ, ಕ್ಷೀರವ್ರತ, ದ್ವಿದಲವ್ರತ. ಉಡುಪಿಯ ಮಠದ ಪಾಕಶಾಲೆಯಲ್ಲಿ ಸೊಪ್ಪನ್ನು ಬಿಡುವ ವಾರಗಳಲ್ಲೇ ಕೆಲವೇ ಹರಿದಾರಿ ದೂರದ ಒಕ್ಕಲಿನ ಗುಡಿಸಲು ಸೊಪ್ಪಿನ ಮೇಲೆ ಜೀವ ಹಿಡಿದಿರುತ್ತಿತ್ತು. ಮಳೆಗಾಲದ ಎಲೆಯಲ್ಲಿ ಹುಳುಗಳಿರುತ್ತವೆ, ಆದ್ದರಿಂದ ವ್ರತ ಆರೋಗ್ಯಕರ ಎಂದು ಕೆಲವರು ಸಮರ್ಥಿಸುತ್ತಾರೆ. ಮಳೆಗಾಲದ ಎಲೆ ಹೊಟ್ಟೆಯ ಹುಳುವನ್ನು ಕೊಲ್ಲುತ್ತದೆ, ಆದ್ದರಿಂದ ಅದು ಮದ್ದು ಎಂದು ಇತ್ತ ಕಡೆಯವರು ಸಮರ್ಥಿಸುತ್ತಾರೆ. ಎರಡೂ ಸಮರ್ಥನೆಗಳು ಆಚರಣೆಗಿಂತ ಈಚಿನವೆಂದು ನನ್ನ ಅಭಿಪ್ರಾಯ. ಬಿಡಲು ಇತರ ಆಹಾರವಿದ್ದವರು ಬಿಟ್ಟರು; ಇಲ್ಲದವರು ತಿಂದರು.

ಸುತ್ತಣ ಪ್ರದೇಶಗಳೊಡನೆ ಹೋಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕೇರಳದ ಕರ್ಕಿಡಕ ಮಾಸದಲ್ಲಿ ಹತ್ತು ಬಗೆಯ ಎಲೆಗಳನ್ನು ಸೇರಿಸಿ ಮಾಡುವ ಪತ್ತಿಲದಲ್ಲಿ ತಗರ ಒಂದು. ಆ ತಿಂಗಳಿಗೆ ಅಲ್ಲಿ ‘ಪಂಞ’ ಅಂದರೆ ಕೊರತೆಯ ಕರ್ಕಿಡಕವೆಂದೇ ಹೆಸರು. ಕೊಡಗಿನಲ್ಲಿ ಕಕ್ಕಡದ ಹದಿನೆಂಟನೆಯ ದಿನ ಮದ್ದುಸೊಪ್ಪನ್ನು ಕುದಿಸಿ ಅದರ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುತ್ತಾರೆ. ತುಳುನಾಡಿನಲ್ಲೇ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಕುಡಿಯುತ್ತಾರೆ. ಮದ್ದುಸೊಪ್ಪಿಗೂ ಹಾಲೆಗೂ ಒಂದು ದಿನ ಗೊತ್ತಾಗಿದೆ, ಒಂದು ವಿಧಿಯಿದೆ. ತಗಚೆಗೆ ದಿನವಿಲ್ಲ, ತಿಂಗಳಿಡೀ ಅದರದೇ. ದಿನವೂ ತಿನ್ನುವುದಕ್ಕೆ ವಿಧಿ ಬೇಕಾಗುವುದಿಲ್ಲ. ಮಹಾರಾಷ್ಟ್ರದಲ್ಲಿ ಇದೇ ಗಿಡ ಟಾಕಳಾ. ಮುಂಬಯಿಯ ಮಾರುಕಟ್ಟೆಗಳಿಗೆ ಮಳೆಗಾಲದಲ್ಲಿ ಸುತ್ತಲಿನ ಬುಡಕಟ್ಟಿನ ಹೆಂಗಸರು ರಾನ್‌ಭಾಜಿ ಎಂಬ ಕಾಡುಸೊಪ್ಪುಗಳ ಜತೆ ಅದರ ಕಟ್ಟುಗಳನ್ನು ತರುತ್ತಾರೆ.

ಯೂರೋಪಿಯನ್ನರ ದಾಖಲೆಗಳಲ್ಲಿ ಗಿಡ ಮೂರು ಬೇರೆಬೇರೆ ಮುಖಗಳನ್ನು ತೋರುತ್ತದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ಹೊರ್ತುಸ್ ಮಲಬಾರಿಕುಸ್ ಅದನ್ನು ತಗೆರ ಎಂಬ ಮಲಯಾಳಿ ಹೆಸರಿನಲ್ಲೇ ಚಿತ್ರಿಸುತ್ತದೆ. ಆ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನ ಜತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. 1800–1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬಯಲುಸೀಮೆಯಲ್ಲಿ ಕಂಡದ್ದು ಔಷಧವನ್ನಲ್ಲ, ಬಣ್ಣವನ್ನು: ನೀಲಿಯ ಹಂಡೆಗೆ ತಗಚೆಯ ಬೀಜವನ್ನು ಬೇಯಿಸಿ ಹಾಕುವ ರೂಢಿಯನ್ನು ಅವನ ಪ್ರವಾಸಕಥನ ದಾಖಲಿಸಿದೆ. ಬೀಜದ ಲೋಳೆ ನೀಲಿಯ ಹುದುಗಿಗೆ ಆಹಾರವಾಗುತ್ತದೆ; ತಮಿಳುನಾಡಿನಲ್ಲಿ ಸಹಜ ನೀಲಿ ತಯಾರಿಸುವವರು ಇಂದಿಗೂ ತಗರೈ ಬೀಜವನ್ನು ಬಿಟ್ಟಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಜಾರ್ಜ್ ವಾಟ್ ಸಿದ್ಧಪಡಿಸಿದ ಭಾರತದ ಆರ್ಥಿಕ ಉತ್ಪನ್ನಗಳ ಕೋಶದಲ್ಲಿ ಎಳೆಯ ಎಲೆ ಬಡವರ ಪಲ್ಯವಾಗಿ ಬರುತ್ತದೆ. ಸಮಾಜದ ಯಾವ ಪಂಕ್ತಿ ಅದನ್ನು ತಿನ್ನುತ್ತದೆಂದು ಬರೆದಿಡುವುದಕ್ಕೆ ಹೊರಗಿನವರೇ ಬೇಕಾಯಿತು.

ಕೊರತೆಯ ಸೊಪ್ಪು ‘ಮದ್ದು’ ಆದುದು ಯಾವಾಗ? ಮದ್ದೆಂಬ ಭಾವನೆ ಹಿಂದೆಯೂ ಇದ್ದಿತೆಂಬುದರಲ್ಲಿ ಸಂಶಯವಿಲ್ಲ. ಬೇರೆ ಏನೂ ಇಲ್ಲದಾಗ ತಿನ್ನುವುದನ್ನು ಮದ್ದೆಂದು ಕರೆದು ತಿನ್ನುವುದರಲ್ಲಿ ಒಂದು ಮರ್ಯಾದೆಯೂ ಇದೆ. ಆದರೆ ಹಸಿವಿನ ಅಂಶ ಪೂರ್ತಿಯಾಗಿ ಮರೆಯಾಗಿ ಮದ್ದಿನ ಅಂಶವೊಂದೇ ಉಳಿದದ್ದು 1974ರ ಭೂಸುಧಾರಣೆಯ ಅನಂತರದ ಮಾತು. ಗೇಣಿದಾರ ಒಡೆಯನಾದ, ನ್ಯಾಯಬೆಲೆಯ ಅಂಗಡಿ ಬಂದಿತು, ಮುಂಬಯಿಯಿಂದಲೂ ಕೊಲ್ಲಿ ರಾಷ್ಟ್ರಗಳಿಂದಲೂ ಹಣ ಬಂದಿತು. ಆಟಿಯಲ್ಲಿ ಒಲೆ ಉರಿಯತೊಡಗಿದ ಮೇಲೆ ತಗಚೆಯನ್ನು ತಿನ್ನಲೇಬೇಕಾದ ಕಾರಣ ಹೋಯಿತು. ತಿನ್ನಬೇಕೆಂಬ ಮಾತು ಉಳಿಯಿತು. ಮುಂಬಯಿ, ಪುಣೆಗಳ ತುಳು ಕನ್ನಡಿಗರ ಸಂಘಗಳು ನಡೆಸುವ ‘ಆಟಿಡೊಂಜಿ ದಿನ’ದ ಊಟದ ಎಲೆಯಲ್ಲಿ ತಗಚೆಯ ಅಂಬಡೆ, ಪತ್ರೊಡೆಗಳು ಇಂದು ಹೆಮ್ಮೆಯ ತಿನಿಸುಗಳು. ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಆ ವೇದಿಕೆಯ ಭಾಷಣಗಳಲ್ಲಿ ಹಿರಿಯರ ವೈಜ್ಞಾನಿಕ ದೃಷ್ಟಿಯ ಪ್ರಶಂಸೆ ಎಷ್ಟು ಕೇಳುತ್ತದೆಯೋ ಹಿರಿಯರ ಹಸಿವಿನ ಪ್ರಸ್ತಾಪ ಅಷ್ಟು ಕೇಳುವುದಿಲ್ಲ.

ಇದರಿಂದ ಒಂದು ಪ್ರಾಯೋಗಿಕ ಅಪಾಯವೂ ಹುಟ್ಟುತ್ತದೆ. ವರ್ಷವೂ ಸೊಪ್ಪು ಕೊಯ್ಯುವ ಕೈಗೆ ಗಿಡದ ಗುರುತು ತಪ್ಪುವುದಿಲ್ಲ. ಓದಿ ತಿಳಿದವನಿಗೆ ತಪ್ಪಬಹುದು. ತಗಚೆಯ ಹತ್ತಿರದ ನೆಂಟನೊಬ್ಬನುಂಟು: ದೊಡ್ಡ ತಗಚೆ, ಸಂಸ್ಕೃತದ ಕಾಸಮರ್ದ, ಸಸ್ಯಶಾಸ್ತ್ರದ ಸೆನ್ನಾ ಆಕ್ಸಿಡೆಂಟಾಲಿಸ್. ಪಶ್ಚಿಮ ಉತ್ತರಪ್ರದೇಶದಲ್ಲಿ ಮಕ್ಕಳಿಗೆ ಬರುತ್ತಿದ್ದ ಮಾರಕ ಮಿದುಳಿನ ಕಾಯಿಲೆಗೆ ಈ ಗಿಡದ ಬೀಜವೇ ಕಾರಣವೆಂದು ವೈದ್ಯರು 2007ರಲ್ಲಿ ಪ್ರಕಟಿಸಿದರು; ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಒಟ್ಟಿಗೆ ಹಾನಿಯಾಗುತ್ತದೆ. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿಯಲ್ಲಿ ನೂರರ ಆಸುಪಾಸು ಮಕ್ಕಳು ಸತ್ತಾಗ ಒಂದು ಭಾಗಕ್ಕೆ ಸೊಳ್ಳೆಯಿಂದ ಹರಡುವ ಮಿದುಳುಜ್ವರ ಕಾರಣವಾಗಿತ್ತು. ಉಳಿದ ಸಾವುಗಳಿಗೆ ತಜ್ಞರ ಸಮಿತಿ ಬೊಟ್ಟುಮಾಡಿದ್ದು ಇದೇ ಗಿಡದತ್ತ. ಅಲ್ಲಿ ಅದರ ಹೆಸರು ಬಡಾ ಚಕುಂಡಾ. ಚಕುಂಡಾ ಎಂದರೆ ತಗಚೆ. ಕನ್ನಡದಲ್ಲಿದ್ದಂತೆಯೇ ಒಡಿಯಾದಲ್ಲಿಯೂ ತಿನ್ನುವ ಗಿಡಕ್ಕೂ ಕೊಲ್ಲುವ ಗಿಡಕ್ಕೂ ನಡುವೆ ಇರುವುದು ‘ದೊಡ್ಡ’ ಎಂಬ ಒಂದು ವಿಶೇಷಣ.

ನಮ್ಮ ಪ್ರಾಚೀನ ವೈದ್ಯಗ್ರಂಥಗಳ ಅರ್ಥಕೋಶಗಳಲ್ಲಿ ಗಿಡಗಳ ಹೆಸರಿನ ಮುಂದೆ ‘ಒಂದು ಜಾತಿಯ ಗಿಡ’ ಎಂದು ಬರೆದು ಮುಂದೆ ಸಾಗುವ ಅಭ್ಯಾಸ ಬೇರೂರಿದೆ. ಖಗೇಂದ್ರಮಣಿದರ್ಪಣ ಮುಂತಾದವು 20ನೆಯ ಶತಮಾನದ ನಡುಭಾಗದಲ್ಲಿ ಮದ್ರಾಸಿನಿಂದ ಅಚ್ಚಾದಾಗ ಸಂಪಾದಕರ ಮುಂದಿದ್ದ ಕೆಲಸ ಪಾಠವನ್ನು ಉಳಿಸುವುದು. ಅದನ್ನು ಅವರು ನೆರವೇರಿಸಿದರು. ಗಿಡವನ್ನು ಗುರುತಿಸುವ ಕೆಲಸ ನಮಗೆ ಬಿಟ್ಟದ್ದು. ಅದಕ್ಕೆ ಹೊರನಾಡಿನ ಸಂಶೋಧಕನ ಸ್ಥಾನ ಅನುಕೂಲಕರವೇ ಸರಿ: ಚೆನ್ನೈಯಲ್ಲಿರುವವರು ತಗರೈ ಎಂದು, ಹೈದರಾಬಾದಿನವರು ತಂಟೆಮು ಎಂದು, ಪುಣೆಯವರು ಟಾಕಳಾ ಎಂದು, ದೆಹಲಿಯವರು ಚಕವಡ ಎಂದು ಕೇಳಿದರೆ ಸಾಕು. ಕಡ್ಡಿಯೊಂದರಲ್ಲಿ ಮೂರು ಜೊತೆ ಕಿರುಎಲೆಗಳು, ತುದಿ ದುಂಡಗೆ, ರಾತ್ರಿಯಲ್ಲಿ ಮಡಚಿಕೊಳ್ಳುವಂಥವು, ಕೆಳಗಿನ ಜೊತೆಗಳ ನಡುವೆ ಸಣ್ಣ ಗ್ರಂಥಿ, ಅಕ್ಟೋಬರಿನ ಹೊತ್ತಿಗೆ ಕುಡುಗೋಲಿನಂತೆ ಬಾಗಿದ ಸಪೂರ ಕಾಯಿ ಇದ್ದರೆ ತಗಚೆ. ಜೊತೆಗಳು ನಾಲ್ಕೈದಾಗಿ, ತುದಿ ಚೂಪಾಗಿ, ಗ್ರಂಥಿ ತೊಟ್ಟಿನ ಬುಡದಲ್ಲಿದ್ದು, ಕಾಯಿ ಚಪ್ಪಟೆಯಾಗಿ ಮೇಲಕ್ಕೆ ನಿಂತಿದ್ದರೆ ಅದು ದೊಡ್ಡ ತಗಚೆ.